ಕರುವಿನ ಪಾಲು

ನಮ್ಮ ಜಿಲ್ಲೆಯ ಪೂರ್ವಚರಿತ್ರೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕೋಟೆಗಳನ್ನೂ ದೇವಾಲಯಗಳನ್ನೂ ಶಿಲಾಶಾಸನಗಳನ್ನೂ ವಿಷಯವಾಗಿ ಆರಿಸಿಕೊಳ್ಳುವರು. ಅದು ಯುಕ್ತವೇ ಸರಿ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ಒಕ್ಕಲು ಮನೆತನಗಳ ಏಳುಬೀಳುಗಳು ಕೋಟೆಗಿಂತ ಹೆಚ್ಚಾಗಿ ಕೊಟ್ಟಿಗೆಯನ್ನು ನೆಚ್ಚಿಕೊಂಡಿದ್ದುವು. ಆ ಕೊಟ್ಟಿಗೆಯ ಚರಿತ್ರೆಯನ್ನು ಬರೆದಿಟ್ಟವರು ವಿರಳ. ಪ್ರಕೃತ ಲೇಖನದಲ್ಲಿ ಆ ಚರಿತ್ರೆಯ ಒಂದೇ ಒಂದು ಪ್ರಶ್ನೆಯನ್ನು ವಿಚಾರಿಸಲು ಉದ್ದೇಶಿಸಿದ್ದೇನೆ. ಈದ ಹಸುವಿನ ಹಾಲಿನಲ್ಲಿ ಕರುವಿನ ಪಾಲೆಷ್ಟು, ಮನುಷ್ಯನ ಪಾಲೆಷ್ಟು? ತಾಯಿ ಸತ್ತ ಕರುವಿಗೂ ಕರು ಸತ್ತ ತಾಯಿಗೂ ಸಂಬಂಧವನ್ನು ಕಲ್ಪಿಸುವ ಬಗೆ ಯಾವುದು? ಪ್ರಶ್ನೆ ಸಣ್ಣದೆಂದು ವಾಚಕರು ಉಪೇಕ್ಷಿಸಬಾರದಾಗಿ ಪ್ರಾರ್ಥನೆ. ರಾಜರೂ ಶಾಸ್ತ್ರಕಾರರೂ ಸೇನಾಪತಿಗಳೂ ಇದಕ್ಕೆ ಉತ್ತರವನ್ನು ಹುಡುಕಿದ್ದಾರೆ.

ಪಾಠಶಾಲೆಯಲ್ಲಿ ಓದಿದವರೆಲ್ಲರಿಗೂ ಅಮರಕೋಶದ ವೈಶ್ಯವರ್ಗವು ಕಂಠಸ್ಥವಾಗಿರುವುದು. ಅದರಲ್ಲಿ ಹಸುವಿಗೆ ಅದರ ಅವಸ್ಥೆಗನುಸಾರವಾಗಿ ಎಷ್ಟು ಹೆಸರುಗಳಿವೆಯೆಂಬುದನ್ನು ಬಾಲ್ಯದಲ್ಲಿ ನಾವು ಬಾಯಿಪಾಠ ಮಾಡಿದೆವೇ ಹೊರತು ಯೋಚಿಸಿದವರಲ್ಲ. ಎಳವೆಯಲ್ಲಿ ಗಬ್ಬವಾದುದು ಪ್ರಷ್ಠೌಹೀ. ಹೊಸದಾಗಿ ಈದುದು ಧೇನು. ಈದು ಬಹುಕಾಲವಾದುದು ಬಷ್ಕಯಣೀ. ಪ್ರತಿ ವರ್ಷವೂ ತಪ್ಪದೆ ಈಯುವುದು ಸಮಾಂಸಮೀನಾ. ಗರ್ಭವು ಜಾರಿದುದು ಅವತೋಕಾ. ನಮ್ಮ ಒಕ್ಕಲಿಗರ ಮಾತೂ ಈ ವಿಷಯದಲ್ಲಿ ಬಡವಲ್ಲ. ಕಡಸು, ಗಬ್ಬದ ಹಸು, ಎಳಗಂದಿ, ಗೊಡ್ಡು, ಕಂದುಹಾಕಿದ ಹಸು ಎಂಬ ಮಾತುಗಳು ಅಮರಸಿಂಹನ ಪದಗಳಿಗೆ ಸರಿಜೋಡಿಯಾಗಿ ನಿಲ್ಲತಕ್ಕವು. ಹೆಸರು ಎಲ್ಲಿ ಸೂಕ್ಷ್ಮವಾಗಿರುವುದೋ ಅಲ್ಲಿ ಕಣ್ಣೂ ಸೂಕ್ಷ್ಮವಾಗಿತ್ತೆಂದು ತಿಳಿಯಬೇಕು.

ಆದರೆ ಅಮರದ ಈ ಪಟ್ಟಿಗಿಂತ ಪುರಾತನವಾದ ಶಬ್ದವೊಂದು ವೈದಿಕ ವಾಙ್ಮಯದಲ್ಲಿದೆ. ಅದು ಅಭಿವಾನ್ಯವತ್ಸಾ, ನಿವಾನ್ಯಾ ಎಂದೂ ಹೇಳುವರು. ತನ್ನ ಕರುವನ್ನು ಕಳೆದುಕೊಂಡು ಪರರ ಕರುವಿಗೆ ಮೊಲೆಯೂಡುವ ಹಸು ಎಂಬುದು ಇದರ ಅರ್ಥ. ಅಗ್ನಿಹೋತ್ರಿಯಾದವನು ಪರಸ್ಥಳದಲ್ಲಿ ಮೃತನಾದರೆ ಅವನ ಪರವಾಗಿ ಮಾಡುವ ಹೋಮಕ್ಕೆ ಇಂತಹ ಹಸುವಿನ ಹಾಲೇ ಯೋಗ್ಯವೆಂದು ಐತರೇಯ ಬ್ರಾಹ್ಮಣದಲ್ಲಿ ವಿಧಿಯುಂಟು. ಪಿತೃಯಜ್ಞದಲ್ಲಿಯೂ ನಿವಾನ್ಯೆಯ ಹಾಲು ಬೇಕೆಂದು ಶತಪಥದಲ್ಲಿ ಹೇಳಿದೆ. ಕರ್ಮದ ರಹಸ್ಯವೇನೇ ಇರಲಿ, ಚರಿತ್ರೆಗೆ ಇದರಿಂದ ಒಂದು ಸಂಗತಿ ನಿಶ್ಚಯವಾಗುವುದು. ಸಾಕುತಾಯಿಯಾದ ಹಸುವನ್ನು ಆ ಕಾಲದವರು ಬಲ್ಲವರಾಗಿದ್ದರು. ಬೇಕೆಂದಾಗ ದೊರೆಯುವಷ್ಟು ಅದು ಸಾಮಾನ್ಯವಾಗಿಯೂ ಇದ್ದಿತು.

ಧರ್ಮಶಾಸ್ತ್ರಕಾರರು ಹಾಲಿನ ಮೇಲೆ ಎರಡು ನಿಷೇಧಗಳನ್ನು ಇಟ್ಟರು. ಈದ ಹಸುವಿನ ಹಾಲನ್ನು ಹತ್ತು ದಿನ ಕಳೆಯುವ ತನಕ ಸೇವಿಸಕೂಡದು. ಕರುವಿಲ್ಲದ ಹಸುವಿನ ಹಾಲನ್ನು ಸೇವಿಸಲೇಕೂಡದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಇವೆರಡೂ ಒಂದೇ ಕಡೆಯಲ್ಲಿ ಬಂದಿವೆ. ಅಶೌಚದ ಭಾವನೆಯೇ ಇದಕ್ಕೆ ಕಾರಣವೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಇರಬಹುದು. ಆದರೆ ಈ ನಿಷೇಧಗಳ ಫಲವು ಯಾರಿಗೆ ಸಲ್ಲುವುದೆಂದು ನೋಡಿದರೆ, ಮೊದಲನೆಯದರಿಂದ ಎಳೆಗರುವು ಬದುಕುವುದು. ಎರಡನೆಯದರಿಂದ ಕರುವನ್ನು ಸಾಯಗೊಟ್ಟು ಹಾಲನ್ನು ತಾನು ಉಣ್ಣುವ ಆಶೆಗೆ ತಡೆಯಾಗುವುದು. ಇದಕ್ಕೆ ವಿರುದ್ಧವಾಗಿ ನಮ್ಮ ಸೀಮೆಯ ಮನೆಮನೆಗಳಲ್ಲಿಯೂ ಗಿಣ್ಣಿನ ಭೋಜನವುಂಟು. ಅಮರಕೋಶದಲ್ಲಿ ಗಿಣ್ಣುಹಾಲಿಗೆ ಪೀಯೂಷವೆಂದು ಹೆಸರು. ದೇವತೆಗಳ ಅಮೃತಕ್ಕೂ ಅದೇ ಹೆಸರು. ಹೀಗೆ ನಮ್ಮವರು ನಾಲಗೆಯಲ್ಲಿ ಗಿಣ್ಣನ್ನೂ ತಲೆಯಲ್ಲಿ ಶಾಸ್ತ್ರವನ್ನೂ ಇಟ್ಟುಕೊಂಡು ಬಹುಕಾಲ ಬಾಳಿದರು.

ರಾಜನೀತಿಯ ಕಡೆಗೆ ತಿರುಗಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿ ಮೈಸೂರಿಗೆ ಸೇರಿದುದಷ್ಟೆ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಬಂದ ಓಲೆಯ ಪ್ರತಿಯನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಪರಿಶೋಧಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಗೋಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯವನ್ನು ಹೇಳುವ ಪ್ರಕರಣವೊಂದಿದೆ. ನೂರು ಹಸುಗಳ ಮಂದೆಗೆ ಕಾಯುವವನು, ಕರೆಯುವವನು, ಕಡೆಯುವವನು ಮೊದಲಾದವರು ಬೇರೆಬೇರೆಯಾಗಿ ನೇಮಕವಾಗತಕ್ಕದ್ದು; ಅವರಿಗೆ ಸಂಬಳವು ನಗದಾಗಿಯೇ ಸಲ್ಲತಕ್ಕದ್ದು. ಹಾಲುತುಪ್ಪಗಳನ್ನೇ ಕೂಲಿಯಾಗಿ ಕೊಟ್ಟರೆ ಅವರು ಕರುಗಳಿಗೆ ಕೇಡು ಮಾಡುವರೆಂಬುದು ಇದಕ್ಕೆ ಅವನು ಕೊಡುವ ಕಾರಣ. ಮಳೆಗಾಲದಿಂದ ಹೇಮಂತದವರೆಗೆ ದಿನಕ್ಕೆ ಎರಡು ಸಲ ಕರೆಯಬಹುದು. ಶಿಶಿರದಿಂದ ಗ್ರೀಷ್ಮದವರೆಗೆ ಒಂದೇ ಸಲ. ಮೇವು ಒಣಗಿದ ಋತುವಿನಲ್ಲಿ ಎರಡನೆಯ ಸಲ ಕರೆದವನಿಗೆ ಹೆಬ್ಬೆರಳಿನ ಛೇದವೇ ದಂಡನೆ. ದಂಡನೆ ಕ್ರೂರವಾದುದು, ನಿಜ. ಆದರೆ ರಾಜ್ಯದ ಸಂಪತ್ತು ಇಂದಿನ ಪಾತ್ರೆಯ ಹಾಲಿನಲ್ಲಿಲ್ಲ, ಮೂರು ವರ್ಷದ ಮೇಲೆ ನೊಗಕ್ಕೆ ಬರುವ ಕರುವಿನಲ್ಲಿದೆಯೆಂಬ ವಿವೇಕವು ಅದರ ಹಿಂದೆ ನಿಂತಿರುವುದು.

ಈ ವಿವೇಕವು ನಮ್ಮ ನಾಡಿನಲ್ಲಿ ಸಂಸ್ಥೆಯ ರೂಪವನ್ನು ತಾಳಿದುದು ಮೈಸೂರು ಒಡೆಯರ ಕಾಲದಲ್ಲಿ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳಿಗೆ ಕಾವಲುಗಳೆಂಬ ಹುಲ್ಲುಗಾವಲುಗಳು ಗೊತ್ತಾದುವು. ೧೬೭೨ರಿಂದ ೧೭೦೪ರ ತನಕ ಆಳಿದ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯನ್ನು ಏರ್ಪಡಿಸಿದರು. ಅರಮನೆಗೆ ಹಾಲುಬೆಣ್ಣೆಗಳನ್ನು ಒದಗಿಸುವುದೂ ದಂಡಿಗೆ ಎತ್ತುಗಳನ್ನು ಬೆಳೆಸುವುದೂ ಅದರ ಕೆಲಸವಾಗಿದ್ದುವು. ಹೈದರಾಲಿಯ ಕೈಯಲ್ಲಿ ಬೆಣ್ಣೆಯ ಮಾತು ಹಿಂದಕ್ಕೆ ಸರಿದು ಫಿರಂಗಿಯ ಮಾತು ಮುಂದಕ್ಕೆ ಬಂದಿತು. ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಅವನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ಪ್ರಸಿದ್ಧಿಯುಂಟು. ಟೀಪೂ ಸುಲ್ತಾನನು ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರನ್ನು ಬದಲಾಯಿಸಿ, ಮಂದೆಗಳ ಪಾಲನೆಗೆ ಹುಕುಮ್‌ನಾಮೆಯೊಂದನ್ನು ಹೊರಡಿಸಿದನು. ಈ ಮಂದೆಗಳಿಗೆ ಮೂಲವಾದ ತಳಿಗಳು ಮೂರು: ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ. ಇವುಗಳಲ್ಲಿ ಹಳ್ಳಿಕಾರವು ಇಂದಿಗೂ ನಮ್ಮ ಜಿಲ್ಲೆಯ ಕೊಟ್ಟಿಗೆಗಳ ಭೂಷಣವಾಗಿದೆ.

ಎತ್ತಿಲ್ಲದ ದಂಡಿನ ಪಾಡೇನೆಂಬುದನ್ನು ನಮ್ಮ ಮಳವಳ್ಳಿಯ ಸೀಮೆಯೇ ಕಂಡಿದೆ. ೧೭೯೯ನೆಯ ಇಸವಿ ಮಾರ್ಚಿ ೨೭ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟೀಪುವಿನ ಸೈನ್ಯಕ್ಕೂ ಯುದ್ಧವಾಯಿತು. ಆಂಗ್ಲರ ದಂಡಿನ ಎತ್ತುಗಳು ಮೇವು ಸಾಲದೆ ದಾರಿಯುದ್ದಕ್ಕೂ ಬಿದ್ದು ಸಾಯುತ್ತಿದ್ದುವು. ಸಾಗಿಸಲಾರದೆ ಮದ್ದುಗುಂಡುಗಳನ್ನು ಹಾಳುಮಾಡಬೇಕಾಯಿತು. ಆದರೂ ಅವರು ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಮೇ ೪ರಂದು ಶ್ರೀರಂಗಪಟ್ಟಣವನ್ನು ಹಿಡಿದರು. ಜಯಿಸಿದವರು ಅಮೃತಮಹಲಿನ ಬೆಲೆಯನ್ನು ಬೇಗನೆ ತಿಳಿದುಕೊಂಡರು. ಮಂದೆಗಳು ಕ್ಷೀಣಿಸುತ್ತಿರುವುದನ್ನು ಕಂಡು ೧೮೧೩ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಅವುಗಳನ್ನು ಕೊಟ್ಟರು. ೧೮೬೦ರಲ್ಲಿ ಮದರಾಸಿನ ಗೌರ್ನರಾದ ಟ್ರೆವೆಲಿಯನನು ಖರ್ಚಿನ ನೆವದಿಂದ ಮಂದೆಗಳನ್ನು ಮಾರಿಸಿಬಿಟ್ಟನು. ಅಂತಹ ಎತ್ತುಗಳು ಮತ್ತೆಲ್ಲಿಯೂ ದೊರಕುವಂತಿಲ್ಲವೆಂದು ಅರಿತು, ೧೮೬೬ರಲ್ಲಿ ಪುನಃ ಮಂದೆಗಳನ್ನು ಕೂಡಿಸಲು ಮೊದಲುಮಾಡಬೇಕಾಯಿತು. ನೂರಾರು ವರ್ಷ ಕರುಗಳಿಗೆ ಹಾಲೂಡಿ ಬೆಳೆಸಿದ ತಳಿಯನ್ನು ಒಂದು ಹರಾಜಿನಲ್ಲಿ ಕಳೆಯಬಹುದು. ಅದನ್ನು ಮರಳಿ ಕೂಡಿಸಲು ಎಷ್ಟೋ ತಲೆಗಳ ಕಾಲ ಬೇಕು.

ದೊರೆಗಳ ಮಂದೆಗಳ ಮಾತು ಇಷ್ಟಾಯಿತು. ಎರಡು ಹಸು, ಒಂದು ಜೊತೆ ಎತ್ತುಳ್ಳ ಸಾಮಾನ್ಯ ಒಕ್ಕಲಿನ ಮಾತೇನು? ಹಳ್ಳಿಕಾರದ ಹಸುವಿಗೆ ಹಾಲು ಸ್ವಲ್ಪ; ಅದರ ಗೌರವವೆಲ್ಲ ಹೋರಿಕರುವಿನಲ್ಲಿ. ಆದಕಾರಣ ನಮ್ಮ ಹಿರಿಯರು ಹಾಲಿನ ಬಹುಭಾಗವನ್ನು ಕರುವಿಗೇ ಬಿಟ್ಟು, ಮನೆಯ ಮಜ್ಜಿಗೆಗೆ ಎಮ್ಮೆಯನ್ನು ಸಾಕಿಕೊಂಡರು. ಹೀಗೆ ಬೆಳೆದ ಕರುವು ಹೇಮಗಿರಿಯ, ಮುಡುಕುತೊರೆಯ, ಚುಂಚನಕಟ್ಟೆಯ ಜಾತ್ರೆಗಳಲ್ಲಿ ಬೆಲೆ ತರುತ್ತಿದ್ದಿತು. ಅಂದು ಈಯುವ ಕಾಲವೂ ಮಳೆಯನ್ನು ಅನುಸರಿಸಿತ್ತು. ಹಸುವಿನ ಗರ್ಭಧಾರಣೆಯ ಅವಧಿ ಸುಮಾರು ೨೮೦ರಿಂದ ೨೮೫ ದಿನ. ಮಳೆಗಾಲದ ಹಸಿರನ್ನು ಮೇದು ಮೈದುಂಬಿ ಭಾದ್ರಪದದಲ್ಲಿ ಗಬ್ಬವಾದ ಹಸು ಮುಂದಿನ ಜ್ಯೇಷ್ಠ ಆಷಾಢಗಳಲ್ಲಿ ಈಯುವುದು. ಆಗ ಮುಂಗಾರಿನ ಹುಲ್ಲು ಚಿಗುರಿ ತಾಯಿಯ ಕೆಚ್ಚಲಿಗೆ ಹಾಲು ಇಳಿಯುವುದು.

ಈ ಕ್ರಮವನ್ನು ಬದಲಿಸಿದುದು ಕಾವೇರಿಯ ನಾಲೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ಇಪ್ಪತ್ತು ವರ್ಷಗಳ ಮೇಲೆ ಮುಗಿಯಿತು. ಅಂದು ಇರ್ವಿನ್ ನಾಲೆಯೆನಿಸಿಕೊಂಡು ಇಂದು ವಿಶ್ವೇಶ್ವರಯ್ಯ ನಾಲೆಯೆನಿಸುವ ಕಾಲುವೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲುಗಳನ್ನು ಗದ್ದೆಗಳನ್ನಾಗಿ ಮಾಡಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಜಿಲ್ಲೆಯಾಯಿತು. ಹಸುವಿಗೆ ಕಬ್ಬಿನ ಸೋಗೆಯೂ ಬದುವಿನ ಹಸಿರೂ ವರ್ಷವೆಲ್ಲ ದೊರೆತುದರಿಂದ ಈಯುವುದಕ್ಕೆ ಋತುವೆಂಬ ಕಟ್ಟು ಸಡಿಲವಾಯಿತು. ಇನ್ನೊಂದು ಕಡೆ ಗೋಮಾಳಗಳು ಸಾಗುವಳಿಗೆ ಬಂದು ಮಂದೆ ಕಟ್ಟುವ ಬಯಲು ಕುಗ್ಗಿತು. ಕಬ್ಬಿನ ಗಾಡಿಗಾಗಿ ಎತ್ತಿನ ಬೇಡಿಕೆ ಇದ್ದಷ್ಟು ಕಾಲ ಹೋರಿಕರುವಿಗೆ ಮರ್ಯಾದೆಯಿತ್ತು.

ಆ ಕಾಲದ ಕೊನೆಯ ವರ್ಷಗಳಲ್ಲಿ ನನ್ನ ಬಾಲ್ಯವು ಕಳೆಯಿತು. ಮಳವಳ್ಳಿಯ ಕಡೆಯ ಒಂದು ಗ್ರಾಮದಲ್ಲಿ ನಮ್ಮ ಮನೆ. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ತುಂಗೆಯೆಂಬ ಹಸು ಮೊದಲ ಕರುವನ್ನು ಹಾಕಿತು. ಕಸ ಬೀಳುವ ತನಕ ಕರುವನ್ನು ಮೊಲೆಗೆ ಬಿಡಬಾರದೆಂಬ ನಂಬಿಕೆ ಅಂದು ನಮ್ಮ ಮನೆಯಲ್ಲಿಯೂ ಇತ್ತು. ಕಸವು ಬೀಳದೆ ರಾತ್ರಿಯೆಲ್ಲ ಕಳೆಯಿತು. ಕರುವನ್ನು ಬೇರೆಯಾಗಿ ಕಟ್ಟಿತ್ತು. ದನ ಕಾಯುವ ಮುದುಕನೊಬ್ಬನು, ಅವನನ್ನು ನಾವು ತಾತನೆಂದು ಕರೆಯುತ್ತಿದ್ದೆವು, ಬಾಗಿಲಲ್ಲಿ ನಿಂತು ನನ್ನ ಅಜ್ಜಿಗೆ, "ಕಸ ಬೀಳೋಗಂಟ ಕಾಯಬ್ಯಾಡಿ ಅಮ್ಮೋರೆ, ಕರ ಬಿಡಿ, ಅದು ಉಂಡರೇ ಕಸ ಬೀಳೋದು" ಎಂದನು. ಅಜ್ಜಿ ಒಪ್ಪಲಿಲ್ಲ. ಬೆಳಗ್ಗೆ ಕಸವು ಬಿದ್ದಿತು. ಅಷ್ಟರಲ್ಲಿ ಕರೆದಿಟ್ಟಿದ್ದ ಮೊದಲ ಹಾಲಿಗೆ ಬೆಲ್ಲವನ್ನೂ ಏಲಕ್ಕಿಯನ್ನೂ ಹಾಕಿ ಗಿಣ್ಣು ಮಾಡಿದರು. ನಾವು ಹುಡುಗರು ಎರಡನೆಯ ಸಲವೂ ಕೇಳಿ ತಿಂದೆವು. ಕರುವಿಗೆ ಮೂರನೆಯ ದಿನ ಭೇದಿ ಹಿಡಿಯಿತು. ಐದನೆಯ ದಿನ ಸತ್ತಿತು.

ತುಂಗೆಯ ಕೂಗು ಎರಡು ರಾತ್ರಿ ನಿಲ್ಲಲಿಲ್ಲ. ಕೆಚ್ಚಲು ಬಿಗಿದುಕೊಂಡಿತು, ಸೊರೆಬಿಡಲೊಲ್ಲದು. ಸತ್ತ ಕರುವಿನ ತೊಗಲಿನಲ್ಲಿ ಹುಲ್ಲು ತುಂಬಿ ಮುಂದೆ ನಿಲ್ಲಿಸಿದರೆ ಹಾಲು ಕೊಡುವುದೆಂದು ನೆರೆಯವರು ಹೇಳಿದರು. ನಮ್ಮ ತಾತಂದಿರು ಜಗಲಿಯಿಂದ ಎದ್ದು ಬಂದು, "ವಿವತ್ಸೆಯ ಹಾಲು ನಮಗೆ ಬೇಡ, ತಾಯಿಗೆ ಹುಲ್ಲಿನ ಬೊಂಬೆಯನ್ನು ತೋರಿಸಿ ಮೋಸಮಾಡುವುದೂ ಬೇಡ" ಎಂದರು. ಅದೇ ಸಂಜೆ ದನ ಕಾಯುವ ತಾತನು ಕೆಳಗಿನ ಕೇರಿಯಿಂದ ತಬ್ಬಲಿ ಕರುವೊಂದನ್ನು ಹೆಗಲ ಮೇಲೆ ಹೊತ್ತುತಂದನು. ಅದರ ತಾಯಿಯನ್ನು ಹಾವು ಕಚ್ಚಿತ್ತು. ಸತ್ತ ಕರುವಿನ ತೊಗಲನ್ನು ಅವನು ಅದರ ಬೆನ್ನಿಗೆ ಹೊದಿಸಿ ಕಟ್ಟಿ, ತುಂಗೆಯ ಮುಂದೆ ಹಿಂಡಿಯ ಬೋಗುಣಿಯನ್ನಿಟ್ಟು, ಕರುವನ್ನು ಹಿಂದಿನಿಂದ ಬಿಟ್ಟನು. ಹಸು ಮೂಸಿತು, ಒದೆಯಿತು, ಮತ್ತೆ ಮೂಸಿತು. ಮೂರನೆಯ ದಿನ ತೊಗಲನ್ನು ಬಿಚ್ಚಿದಾಗ ಅದು ಆ ಕರುವನ್ನು ನೆಕ್ಕುತ್ತ ನಿಂತಿತ್ತು. ಹಾಲು ಬಿಡಿಸಿದ ಮೇಲೆ ಕರುವನ್ನು ಅದರ ಒಡೆಯನಿಗೆ ಒಪ್ಪಿಸಿದೆವು. ಆ ಬಡ ಒಕ್ಕಲಿನ ಕೊಟ್ಟಿಗೆಯಲ್ಲಿ ಅದೊಂದೇ ಉಳಿದಿತ್ತು. ಕೆಲವು ವರ್ಷಗಳ ಮೇಲೆ ಅದು ಎತ್ತಾಗಿ ಮಂಡ್ಯದ ಹಾದಿಯಲ್ಲಿ ಕಬ್ಬಿನ ಗಾಡಿಯನ್ನು ಎಳೆಯುವುದನ್ನು ನಾನೇ ಕಂಡೆನು.

ಪಾಠಶಾಲೆಯಲ್ಲಿ ಅಭಿವಾನ್ಯವತ್ಸಾ ಎಂಬ ಪದವು ಬಂದ ದಿನ ಗುರುಗಳು ವಿಗ್ರಹವಾಕ್ಯವನ್ನು ಹೇಳುತ್ತಿದ್ದರು. ನನ್ನ ಕಣ್ಣಿಗೆ ತುಂಗೆ ಕಟ್ಟಿತ್ತು. ಗಿಣ್ಣಿನ ರುಚಿಯೂ ನೆನಪಾಯಿತು. ಅಂದಿನಿಂದ ನಾನು ಗಿಣ್ಣನ್ನು ಮುಟ್ಟಿಲ್ಲ.

ತಾತನ ಮಾತು ಸರಿಯೆಂದು ಇಂದಿನ ಪಶುವೈದ್ಯಶಾಸ್ತ್ರವು ಹೇಳುವುದು. ಹುಟ್ಟುವ ಕರುವಿಗೆ ರೋಗನಿರೋಧಕ ಶಕ್ತಿಯು ತಾಯಿಯ ಗರ್ಭದಲ್ಲಿ ಬರುವುದಿಲ್ಲ; ಗಿಣ್ಣುಹಾಲಿನಿಂದಲೇ ಬರಬೇಕು. ಆ ಶಕ್ತಿಯನ್ನು ಹೀರಿಕೊಳ್ಳುವ ಕರುಳಿನ ದ್ವಾರವು ಗಳಿಗೆಗಳಿಗೆಗೂ ಕುಗ್ಗುತ್ತ ಬಂದು ಒಂದು ದಿನದೊಳಗಾಗಿ ಮುಚ್ಚಿಹೋಗುವುದು. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಮೊದಲ ಹಾಲು ಕರುವಿನ ಹೊಟ್ಟೆಗೆ ಸೇರತಕ್ಕದ್ದು. ಮೊದಲ ದಿನದಲ್ಲಿ ಅದರ ತೂಕದ ಹತ್ತರಲ್ಲೊಂದು ಪಾಲಾದರೂ ಬೇಕು. ಕರು ಮೊಲೆಯುಂಡಾಗ ತಾಯಿಯ ಮೈಯಲ್ಲಿ ಸ್ರವಿಸುವ ರಸವು ಸೊರೆಬಿಡಿಸುವುದಲ್ಲದೆ ಗರ್ಭಕೋಶವನ್ನೂ ಕುಗ್ಗಿಸಿ ಕಸ ಬೀಳುವುದಕ್ಕೆ ಸಹಾಯ ಮಾಡುವುದು. ಕಸವು ಸಾಮಾನ್ಯವಾಗಿ ಹನ್ನೆರಡು ಗಂಟೆಗಳೊಳಗೆ ಬೀಳುವುದು. ತಡವಾದರೆ ಕೈಹಾಕಿ ಎಳೆಯದೆ, ಭಾರ ಕಟ್ಟದೆ, ವೈದ್ಯರನ್ನು ಕರೆಯಬೇಕು. ಈಯುವ ಹಸುವಿಗೆ ಒಣಗಿದ ಹುಲ್ಲು ಹಾಸಿದ ಬೇರೆ ಜಾಗ ಬೇಕು. ಮುಂಗಾಲಿನ ಗೊರಸುಗಳೆರಡೂ ಮೂತಿಯೂ ಮುಂದಾಗಿ ಬಂದರೆ ಸಹಜವಾದ ಪ್ರಸವ. ಎರಡು ಗಂಟೆ ತಿಣುಕಿದರೂ ಮುಂದುವರಿಯದಿದ್ದರೆ ತಡಮಾಡಬಾರದು. ಹೊಕ್ಕುಳಿಗೆ ಟಿಂಚರ್ ಅಯೊಡಿನ್ ಹಚ್ಚಬೇಕು.

ಸಾಕುತಾಯಿಯ ವಿಷಯದಲ್ಲಿಯೂ ಕೆಲವು ಎಚ್ಚರಿಕೆಗಳುಂಟು. ಹಸು ಕರುವನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ; ಈದ ಮೊದಲ ಗಂಟೆಗಳಲ್ಲಿ ನೆಕ್ಕಿದ ಕರುವೇ ಅದರ ಕರು. ಆಗ ತಂದ ತಬ್ಬಲಿಯನ್ನು ಆ ನೀರಿನಲ್ಲಿಯೇ ತೊಯ್ಯಿಸಿ ಬಿಟ್ಟರೆ ಹೊದಿಕೆಯೂ ಬೇಕಾಗಲಾರದು. ತಡವಾದರೆ ಮೈಗೆ ಉಪ್ಪುನೀರನ್ನೋ ಬೆಲ್ಲದ ನೀರನ್ನೋ ಸವರಿ ನೆಕ್ಕಿಸುವರು. ಕೆಚ್ಚಲು ಬಾವಾದ ಹಸುವನ್ನು ಇದಕ್ಕೆ ಆರಿಸಬಾರದು. ಕಂದುಹಾಕಿದ ಹಸುವನ್ನು, ಅಮರಸಿಂಹನ ಅವತೋಕೆಯನ್ನು, ವೈದ್ಯರು ಪರೀಕ್ಷಿಸುವ ತನಕ ಬೇರೆಯಾಗಿಯೇ ಕಟ್ಟಬೇಕು. ಗರ್ಭಪಾತವನ್ನುಂಟುಮಾಡುವ ಕೆಲವು ರೋಗಗಳು ಹಾಲಿನಿಂದಲೂ ಸ್ರಾವದಿಂದಲೂ ಮನುಷ್ಯರಿಗೂ ಹರಡತಕ್ಕವು. ತೊಗಲನ್ನು ಹೊದಿಸುವುದಾದರೆ ಕರುವು ಸಾಂಕ್ರಾಮಿಕ ರೋಗದಿಂದ ಸತ್ತುದಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ನಮ್ಮ ಮನೆಯ ಕರು ಭೇದಿಯಿಂದ ಸತ್ತಿತ್ತು. ತಬ್ಬಲಿ ಬದುಕಿದುದು ದೈವಯೋಗ. ಇದನ್ನು ನಾನು ತಿಳಿದುದು ಬಹುಕಾಲದ ಮೇಲೆ.

ಇಂದು ನಮ್ಮ ಜಿಲ್ಲೆಯಲ್ಲಿ ನೊಗದ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿದೆ. ಹಳ್ಳಿಹಳ್ಳಿಗಳ ಸಹಕಾರ ಸಂಘಗಳಿಂದ ಹಾಲು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಗೆ ಹೋಗುವುದು. ಅನೇಕ ಮನೆಗಳ ಮಕ್ಕಳ ವಿದ್ಯೆಯೂ ಮನೆಯ ಉಪ್ಪುಮೆಣಸೂ ಈ ಹಾಲಿನ ಹಣದಿಂದ ನಡೆಯುತ್ತಿವೆ; ಇದನ್ನು ಹೀಗಳೆಯುವವನು ಬಡವರ ಕಷ್ಟವನ್ನು ಅರಿಯದವನು. ಆದರೆ ಹಾಲು ಲೀಟರಿನ ಲೆಕ್ಕಕ್ಕೆ ಬಂದೊಡನೆ ಕರುವಿನ ಪಾಲು ಖರ್ಚಿನ ಕಡೆಗೆ ಸೇರಿತು. ಮಿಶ್ರತಳಿಯ ಕರುವಿನ ತೂಕ ಹುಟ್ಟುವಾಗ ಸುಮಾರು ೨೫ರಿಂದ ೩೦ ಕಿಲೋ. ಅದಕ್ಕೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರು ಹಾಲು ಸಲ್ಲಬೇಕು. ಅಷ್ಟನ್ನು ಬಿಡಲು ಕೈ ಹಿಂಜರಿಯುವುದು. ಹೆಣ್ಣುಗರುವಾದರೆ ಅರೆಹೊಟ್ಟೆ, ಹೋರಿಕರುವಾದರೆ ಅದೂ ಸಂದೇಹ. ಅರೆಹೊಟ್ಟೆಯಲ್ಲಿ ಬೆಳೆದ ಹೆಣ್ಣುಗರು ತಡವಾಗಿ ಬೆದೆಗೆ ಬಂದು ತಡವಾಗಿ ಈಯುವುದು. ಹೀಗೆ ಇಂದು ಉಳಿಸಿದ ಹಾಲಿನ ಹಣವನ್ನು ಒಕ್ಕಲು ಎರಡು ವರ್ಷಗಳ ಮೇಲೆ ಬಡ್ಡಿಸಹಿತ ತೆರಬೇಕಾಗುವುದು. ಹಾಲನ್ನು ಕೂಲಿಯಾಗಿ ಕೊಟ್ಟರೆ ಕರುವಿಗೆ ಕೇಡೆಂದು ಕೌಟಿಲ್ಯನು ಗೊಲ್ಲನನ್ನು ಕುರಿತು ಹೇಳಿದನು. ಈಗ ಗೊಲ್ಲನೂ ಒಡೆಯನೂ ಒಬ್ಬನೇ ಆಗಿರುವುದರಿಂದ ದಂಡಿಸತಕ್ಕ ಗೋಧ್ಯಕ್ಷನಿಲ್ಲ. ಅವನವನ ಮನಸ್ಸೇ ಗೋಧ್ಯಕ್ಷ.

ನಮ್ಮ ಮಕ್ಕಳೆಲ್ಲರೂ ಗೋವಿನ ಹಾಡನ್ನು ಕಲಿತು ಕಣ್ಣೀರು ಸುರಿಸುವರು. ಹುಲಿಗೆ ಕೊಟ್ಟ ಮಾತನ್ನು ಪುಣ್ಯಕೋಟಿ ಉಳಿಸಿಕೊಂಡಳೆಂಬ ನೀತಿಯನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ್ದೇನೆ. ಆದರೆ ಅವಳು ಹುಲಿಯ ಬಳಿಗೆ ಹೊರಡುವ ಮುನ್ನ ತನ್ನ ಕಂದನನ್ನು ಮಂದೆಯ ಇತರ ತಾಯಂದಿರ ವಶಕ್ಕೆ ಒಪ್ಪಿಸಿದ ಭಾಗವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಅವಳು ನಿಶ್ಚಿಂತೆಯಿಂದ ಹೊರಟುದು ಆ ಒಪ್ಪಂದದ ಬಲದಿಂದಲೇ. ಮಂದೆಯಲ್ಲಿ ಮತ್ತೊಬ್ಬ ತಾಯಿ ಇಲ್ಲದಿದ್ದರೆ ಸತ್ಯವಾಕ್ಯವನ್ನು ನಡೆಸುವುದು ಇನ್ನೆಷ್ಟು ಕಷ್ಟವಾಗುತ್ತಿತ್ತೋ!

ಈಗ ನಮ್ಮ ಕೊಟ್ಟಿಗೆಗಳಲ್ಲಿ ಮಂದೆಯಿಲ್ಲ. ಒಂದೋ ಎರಡೋ ಹಸುಗಳಿವೆ. ತಬ್ಬಲಿಯಾದ ಕರುವಿಗೆ ಸಾಕುತಾಯಿ ಬೇಕಾದರೆ ಪಕ್ಕದ ಮನೆಯ ಬಾಗಿಲನ್ನು ತಟ್ಟಬೇಕು. ಯಾರ ಮನೆಯಲ್ಲಿ ಯಾವ ಹಸು ಎಂದು ಈದಿದೆ, ಯಾವುದರ ಕರು ಉಳಿಯಲಿಲ್ಲ ಎಂಬುದನ್ನು ಊರಿನ ಹಾಲಿನ ಸಂಘದಲ್ಲಿ ಒಂದು ಹಲಗೆಯ ಮೇಲೆ ಬರೆದಿಟ್ಟರೆ ಖರ್ಚೇನೂ ಇಲ್ಲ; ಒಂದೆರಡು ಕರುಗಳಾದರೂ ಬದುಕುವುವು. ವಾಚಕರ ಮನೆಗಳಲ್ಲಿ ಹಸು ಈದಾಗ ಗಿಣ್ಣಿನ ಪಾತ್ರೆಯನ್ನು ಒಲೆಗೇರಿಸುವ ಮುನ್ನ ಕರುವಿನ ಹೊಟ್ಟೆಯನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ನನ್ನ ವಿಜ್ಞಾಪನೆ. ಅದು ತುಂಬಿದ್ದರೆ ಉಳಿದುದು ನಮ್ಮ ಪಾಲು.